ತಲಪರಿಗೆ ದಡಕ್ಕೆ ಲಾವಂಚ: ಮೊದಲು ತಪ್ಪು ಹುಲ್ಲು, ಆಮೇಲೆ ಸರಿ ಹುಲ್ಲು

ಜೆಸಿಬಿ ಬಂದು ಹೋದ ದಿನ ನಮ್ಮ ತಲಪರಿಗೆ ನೋಡೋಕೆ ಬಹಳ ಚೆನ್ನಾಗಿತ್ತು. ಹೂಳೆಲ್ಲ ಮೇಲೆ ಬಂದಿತ್ತು. ದಡದ ಮೇಲಿದ್ದ ಆಳೆತ್ತರದ ಹುಲ್ಲೂ ಬುಡಸಮೇತ ಹೋಗಿತ್ತು. ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೆಬ್ಬೆರಳುಗಳ ಸಾಲು ಬಂತು. ಅದು ಮಾರ್ಚ್ ತಿಂಗಳು. ಸೆಪ್ಟೆಂಬರ್‌ನಲ್ಲಿ ಜೋರಾಗಿ ಬಿದ್ದ ಎರಡೇ ಎರಡು ಮಳೆಗೆ ಉತ್ತರದ ದಡ ಕುಸಿದು ಗುಂಡಿಯೊಳಗೆ ಕೂತಿತು. ಕುಸಿದ ದಡದ ಫೋಟೋ ಯಾರೂ ಕೇಳಲಿಲ್ಲ, ನಾನೂ ಹಾಕಲಿಲ್ಲ.

ಕೊರಟಗೆರೆ, ಮಧುಗಿರಿ, ಪಾವಗಡ, ಸಿರಾ ಕಡೆಯವರಿಗೆ ತಲಪರಿಗೆ ಅಂದರೇನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಎರಡು ಮಾತು. ಕೆರೆ ಅಂಗಳದಲ್ಲೋ ಹಳ್ಳದ ಪಕ್ಕದಲ್ಲೋ ಮರಳಿನ ಪದರದಿಂದ ನೀರು ತಾನಾಗಿ ಒಸರುವ ಜಾಗ ಅದು. ಅಲ್ಲಿ ಗುಂಡಿ ತೋಡಿ, ಕಲ್ಲು ಕಟ್ಟಿ, ಕಾಲುವೆ ತೆಗೆದು ಹೊಲಕ್ಕೆ ಹರಿಸುತ್ತಿದ್ದರು. ಪಂಪಿಲ್ಲ, ಕರೆಂಟಿಲ್ಲ. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಹೂಳು ತೆಗೆದರೆ ಆಯಿತು. ಬೋರ್‌ವೆಲ್ ಬಂದ ಮೇಲೆ ಎಷ್ಟೋ ತಲಪರಿಗೆ ಬತ್ತಿ ಮುಚ್ಚಿಹೋದವು. ನಮ್ಮದು ಜಯಮಂಗಲಿಗೆ ಸೇರುವ ಒಂದು ಹಳ್ಳದ ಪಕ್ಕದಲ್ಲಿದೆ. ಜಯಮಂಗಲಿ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ನಮ್ಮ ಕೊರಟಗೆರೆ ತಾಲ್ಲೂಕು, ಮಧುಗಿರಿ ದಾಟಿ ಉತ್ತರ ಪಿನಾಕಿನಿ ಸೇರುತ್ತಾಳೆ. ಮಳೆ ಬಂದಾಗ ಹರಿದರೆ ಹರಿದಳು, ಉಳಿದ ದಿನ ಅವಳ ಓಟವೆಲ್ಲ ಮರಳಿನ ಕೆಳಗೇ.

ನಮ್ಮ ಗುಂಡಿ ಹನ್ನೆರಡು ಅಡಿ ಅಗಲ, ಏಳು ಅಡಿ ಆಳ. ಮೂರು ಕಡೆ ಹಳೇ ಕಲ್ಲುಕಟ್ಟಡ ಇದೆ. ಉತ್ತರಕ್ಕೆ ಮಾತ್ರ ಬರೀ ಮಣ್ಣಿನ ದಡ, ಕಾಲುವೆ ಬಾಯಿಯೂ ಸೇರಿ ಇಪ್ಪತ್ತಾರು ಅಡಿ ಉದ್ದ. ಕೆಂಪು ಮಣ್ಣು, ಅರ್ಧಕ್ಕರ್ಧ ಮರಳು. ಇಂಥ ದಡ ಇಷ್ಟು ಕಾಲ ಹೇಗೆ ನಿಂತಿತ್ತು ಅಂತ ಯಾರೂ ಯೋಚನೆ ಮಾಡಿರಲಿಲ್ಲ. ಕುಸಿದ ಮೇಲೆ ನಮ್ಮ ದೊಡ್ಡಮ್ಮ ಬಂದು ನೋಡಿ ಕೇಳಿದ್ದು ಒಂದೇ ಮಾತು: "ಲಾವಂಚ ಕಿತ್ತುಬಿಟ್ರಾ?"

ಲಾವಂಚ ಅಂದರೆ ನನಗೆ ಗೊತ್ತಿದ್ದಿದ್ದು ಗ್ರಂದಿಗೆ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಬೇರಿನ ಕಟ್ಟು. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಹಾಕುತ್ತೇವಲ್ಲ, ಅದು. ಮಣ್ಣಿನ ಮೇಲೆ ಅದು ಹೇಗಿರುತ್ತೆ ಅಂತ ಒಂದು ದಿನವೂ ನೋಡಿರಲಿಲ್ಲ. ಅಲ್ಲ, ದಿನಾ ನೋಡುತ್ತಿದ್ದೆ. ಅದೇ ಲಾವಂಚ ಅಂತ ಗೊತ್ತಿರಲಿಲ್ಲ, ಅಷ್ಟೇ.

ಸರಿ, ಹೋಗಿದ್ದನ್ನು ವಾಪಸ್ ನೆಟ್ಟರಾಯಿತು ಅಂದುಕೊಂಡೆ. ಕುಸಿದ ಮಣ್ಣನ್ನು ಮಂಕರಿಯಲ್ಲಿ ಹೊತ್ತು ಹಾಕಿ, ಇಳಿಜಾರು ಮೊದಲಿಗಿಂತ ಕಡಿಮೆ ಮಾಡಿ, ತಟ್ಟಿ ಕೂರಿಸಿದೆವು. ಮುಂದಿನ ಜೂನ್‌ನಲ್ಲಿ ಒಂದು ಫೋಟೋ ಇಟ್ಟುಕೊಂಡು ಹಳ್ಳದುದ್ದಕ್ಕೂ ಹುಡುಕುತ್ತಾ ಹೊರಟೆ. ಉದ್ದ ಗರಿ, ದಟ್ಟ ಪೊದೆ, ನೀರಿನ ಪಕ್ಕ. ಅರ್ಧ ಕಿಲೋಮೀಟರಿನಲ್ಲೇ ಸಿಕ್ಕಿತು. ಫೋನಿನ ಗಿಡ ಗುರುತಿಸುವ ಆಪ್‌ಗೆ ತೋರಿಸಿದೆ. ಬೆಳಿಗ್ಗೆ ಒಂದು ಹೆಸರು ಹೇಳಿತು, ಮಧ್ಯಾಹ್ನ ಇನ್ನೊಂದು. ಮೂರನೇ ಫೋಟೋಗೆ ಲಾವಂಚ ಅಂದಿತು. ನನಗೆ ಬೇಕಾಗಿದ್ದೂ ಅದೇ ತಾನೇ? ಮೂರನೆಯದನ್ನು ನಂಬಿದೆ. ಅರವತ್ತು ಬುಡ ಕಿತ್ತು ತಂದು ನೆಟ್ಟೆ.

ಎಷ್ಟು ಚೆನ್ನಾಗಿ ಹಿಡಿಯಿತು ಗೊತ್ತಾ! ಒಂದೂ ಸಾಯಲಿಲ್ಲ. ಎರಡು ತಿಂಗಳಿಗೆ ದಡ ಹಸಿರಾಯಿತು. ಮೂರನೇ ತಿಂಗಳಿಗೆ ಸಾಲು ಬಿಟ್ಟು ಒಂದೂವರೆ ಅಡಿ ಆಚೆ ಹೊಸ ಚಿಗುರು. ಆಮೇಲೆ ಕಾಲುವೆ ಒಳಗೆ. ಆಮೇಲೆ ಪಕ್ಕದ ಅಡಿಕೆ ಸಾಲಿನೊಳಗೆ. ಅಕ್ಟೋಬರ್ ಕೊನೆಗೆ ತೆನೆ ಬಿಟ್ಟಿತು. ಬೆಳ್ಳಗೆ, ರೇಷ್ಮೆ ಕುಚ್ಚಿನ ಹಾಗೆ, ಗಾಳಿಗೆ ಬಾಗುತ್ತಾ. ನೋಡೋಕೆ ಚಂದವೋ ಚಂದ. ದೊಡ್ಡಮ್ಮ ದೂರದಿಂದಲೇ ನಗೋಕೆ ಶುರುಮಾಡಿದರು.

ನಾನು ನೆಟ್ಟಿದ್ದು ಕಾಡುಕಬ್ಬು. ಪುಸ್ತಕದ ಹೆಸರು ಸ್ಯಾಕರಮ್ ಸ್ಪಾಂಟೇನಿಯಮ್. ಶರತ್ಕಾಲದಲ್ಲಿ ಹೊಳೆ ದಂಡೆಯಲ್ಲಿ ಬೆಳ್ಳಗೆ ಅರಳುವ ಕಾಸ ಹುಲ್ಲು ಇದೇ. ಅದರ ಮೇಲೆ ನನಗೆ ಕೋಪ ಇಲ್ಲ. ಕಬ್ಬಿನ ಹತ್ತಿರದ ಸಂಬಂಧಿ ಅದು. ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಇದನ್ನು ಕಬ್ಬಿನ ಜೊತೆ ಕೂಡಿಸಿ ತೆಗೆದ ಸಿಒ 205 ತಳಿ 1918ರಲ್ಲಿ ರೈತರ ಕೈಗೆ ಬಂತು. ಇವತ್ತಿನ ಕಬ್ಬಿನ ತಳಿಗಳಲ್ಲಿ ಈ ಹುಲ್ಲಿನ ರಕ್ತ ಇದೆ. ಇದೂ ನಮ್ಮ ನೆಲದ್ದೇ, ಬಹುವಾರ್ಷಿಕ, ನೀರಿನ ಪಕ್ಕದ್ದು, ಮರಳನ್ನೂ ಹಿಡಿಯುತ್ತೆ. ಆದರೆ ಇದಕ್ಕೆ ನೆಲದೊಳಗೆ ಅಡ್ಡಡ್ಡ ಓಡುವ ಕಾಂಡ ಇದೆ. ದೊಡ್ಡ ಹೊಳೆ ದಂಡೆಗೆ ಅದು ಒಳ್ಳೆಯದಿರಬಹುದು. ಒಂದೂವರೆ ಅಡಿ ಅಗಲದ ಕಾಲುವೆ ಬಾಯಲ್ಲಿ ಅದು ಬಿರಡೆ ಹಾಕಿದ ಹಾಗೆ.

ಕಿತ್ತು ಹಾಕೋಕೆ ಎಂಟು ದಿನ ಹಿಡಿಯಿತು. ಗುದ್ದಲಿಯಲ್ಲಿ ಕಡಿದರೆ ಒಂದು ಎರಡಾಗುತ್ತೆ, ಯಾಕಂದರೆ ಗೆಣ್ಣು ಇರುವ ಪ್ರತಿ ತುಂಡೂ ಚಿಗುರುತ್ತೆ. ಹಾರೆಯಿಂದ ಮಣ್ಣು ಸಡಿಲ ಮಾಡಿ, ಕೈಯಲ್ಲಿ ಎಳೆದು, ನೂಲು ಹಿಡಿದ ಹಾಗೆ ಕೊನೆವರೆಗೂ ಹೋಗಬೇಕು. ಕಿತ್ತಿದ್ದನ್ನು ತಿಪ್ಪೆಗೆ ಎಸೆದಿದ್ದು ಇನ್ನೊಂದು ಜಾಣತನ. ಜನವರಿಗೆ ತಿಪ್ಪೆ ಮೇಲೆ ಕಾಡುಕಬ್ಬಿನ ತೋಟ. ಆಮೇಲೆ ಬಂಡೆ ಮೇಲೆ ಹರಡಿ, ಗರಿಗರಿ ಒಣಗಿಸಿ ಸುಟ್ಟೆ.

ಇಷ್ಟಾದ ಮೇಲೆ ಒಂದು ತೀರ್ಮಾನ ಮಾಡಿದೆ. ಬುಡ, ಬೇರು, ತೆನೆ ಮೂರೂ ಒಂದೇ ಮಾತು ಹೇಳುವವರೆಗೆ ಮುಂದಿನ ಹುಲ್ಲನ್ನು ನೆಡುವುದಿಲ್ಲ.

ಅದೃಷ್ಟಕ್ಕೆ ಹಳೇ ಹುಲ್ಲಿನ ಒಂದು ಪೊದೆ ಉಳಿದಿತ್ತು. ದಡದ ಪೂರ್ವದ ತುದಿಯಲ್ಲಿ, ಹೊಂಗೆ ಮರ ಮತ್ತು ಕಲ್ಲಿನ ಮೂಲೆ ನಡುವೆ. ಜೆಸಿಬಿ ಬಕೆಟ್ ಅಲ್ಲಿಗೆ ತಿರುಗಿಲ್ಲ. ಆ ಮೂಲೆಯಲ್ಲಿ ಮಾತ್ರ ದಡ ಕುಸಿದಿರಲಿಲ್ಲ. ಒಂದು ವರ್ಷ ಅದರ ಮುಂದೆಯೇ ಓಡಾಡಿದ್ದೆ, ಗಮನ ಕೊಟ್ಟಿರಲಿಲ್ಲ.

ನವೆಂಬರ್‌ನ ಒಂದು ಭಾನುವಾರ ದೊಡ್ಡಮ್ಮನನ್ನು ಕರೆದುಕೊಂಡು ಅಲ್ಲಿ ಕೂತೆ. ಬಕೆಟ್ ನೀರು, ಹಳೇ ಟೂತ್‌ಬ್ರಶ್, ಶೇವಿಂಗ್ ಬ್ಲೇಡ್, ಫೋನಿಗೆ ಸಿಕ್ಕಿಸುವ ಸಣ್ಣ ಲೆನ್ಸ್. ಹೋಲಿಸಿ ನೋಡೋಕೆ ಒಂದು ಕಾಡುಕಬ್ಬಿನ ಬುಡ, ಜೊತೆಗೆ ನೀರಿನಂಚಲ್ಲಿ ಹುಲ್ಲಿನ ಹಾಗೇ ಬೆಳೆಯುವ ಒಂದು ಆಪು, ಒಂದು ಜೇಕು.

ಆಪು ಮತ್ತು ಜೇಕು ಪಕ್ಕಕ್ಕಿಡೋಕೆ ಅರ್ಧ ನಿಮಿಷ ಸಾಕು. ಆಪಿನ ಎಲೆ ದಪ್ಪ, ಒಳಗೆ ಸ್ಪಂಜು, ಕಂದು ಬಣ್ಣದ ಮೇಣದಬತ್ತಿ ಥರ ತೆನೆ. ಜೇಕಿನ ಕಡ್ಡಿಯನ್ನು ಬೆರಳಲ್ಲಿ ಉರುಳಿಸಿದರೆ ಮೂರು ಮೂಲೆ ಕೈಗೆ ಸಿಗುತ್ತೆ, ಗೆಣ್ಣು ಇರುವುದಿಲ್ಲ. ಹುಲ್ಲಿನ ಕಡ್ಡಿ ದುಂಡಗೆ, ಗೆಣ್ಣು ಗೆಣ್ಣಾಗಿರುತ್ತೆ. ಎಲೆಗಳು ಎರಡೇ ಸಾಲಲ್ಲಿ ಹುಟ್ಟುತ್ತವೆ. ಕೆರೆಯಲ್ಲಿ ಬೆಳೆಯುವುದೆಲ್ಲ ಜೊಂಡು ಅಂತ ಒಂದೇ ಹೆಸರಲ್ಲಿ ಕರೆದು ನಮಗೆ ರೂಢಿ. ಅದರೊಳಗೆ ಹುಲ್ಲಲ್ಲದ್ದೇ ಅರ್ಧ.

ಕಷ್ಟ ಇರುವುದು ಹುಲ್ಲು ಹುಲ್ಲಿನ ನಡುವೆ. ತೆನೆ ಇಲ್ಲದಾಗ ಕಾಡುಕಬ್ಬೂ ಲಾವಂಚವೂ ಹತ್ತು ಅಡಿ ದೂರದಿಂದ ಒಂದೇ.

ದೊಡ್ಡಮ್ಮ ಗರಿ ಕಡೆ ನೋಡಲೇ ಇಲ್ಲ. ಸೀದಾ ಬುಡಕ್ಕೆ ಕೈ ಹಾಕಿ ಒಣಗಿದ ಸಿಪ್ಪೆ ಸರಿಸಿದರು. "ಇಲ್ಲಿ ನೋಡು, ಬೀಸಣಿಗೆ." ನಿಜ. ಒಂದೊಂದು ತೆಂಡೆಯ, ಅಂದರೆ ಬುಡದಿಂದ ಒಡೆದ ಕವಲಿನ, ಬುಡವೂ ಇಸ್ತ್ರಿ ಹಾಕಿದ ಹಾಗೆ ಚಪ್ಪಟೆ. ಕಡ್ಡಿಯನ್ನು ಸುತ್ತಿಕೊಳ್ಳುವ ಎಲೆಯ ಒರೆಗಳು ಎಡಕ್ಕೊಂದು ಬಲಕ್ಕೊಂದು ಮಡಿಸಿಕೊಂಡು, ಒಂದರೊಳಗೊಂದು ಕೂತಿದ್ದವು. ಪ್ರತಿ ಒರೆಗೂ ಬೆನ್ನಲ್ಲಿ ಒಂದು ಚೂಪು ಏಣು. ಬುಡದಿಂದ ಒಂದು ಇಂಚು ಮೇಲೆ ಬ್ಲೇಡಿನಲ್ಲಿ ಅಡ್ಡ ಕೊಯ್ದೆ. ಒಳಗೆ ಒಂದರ ಮೇಲೊಂದು ಇಟ್ಟ ವಿ ಆಕಾರಗಳು, ತಿಳಿಹಸಿರು, ನಡುವೆ ಬೆಳ್ಳಗಿನ ಎಳೆ ಸುಳಿ. ಕಾಡುಕಬ್ಬಿನದನ್ನು ಹಾಗೇ ಕೊಯ್ದರೆ ದುಂಡಗಿನ ಉಂಗುರಗಳು, ಸಣ್ಣ ಕಬ್ಬಿನ ತುದಿ ಕೊಯ್ದ ಹಾಗೆ. ಎರಡನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟುಕೊಂಡೆ. ಇದು ಗೊತ್ತಾಗೋಕೆ ಅರವತ್ತು ಬುಡ ನೆಡಬೇಕಾಗಿತ್ತಾ ಅಂತ ನನಗೇ ನಗು ಬಂತು.

ಆಮೇಲೆ ಕಿರುನಾಲಿಗೆ. ಒರೆ ಮುಗಿದು ಗರಿ ಶುರುವಾಗುವ ಸಂದಿಯಲ್ಲಿ, ಗರಿಯನ್ನು ಹಿಂದಕ್ಕೆ ಬಾಗಿಸಿದರೆ ಒಳಗೆ ಸಿಗುವ ಸಣ್ಣ ಪೊರೆಯನ್ನು ನಾನು ಹಾಗೆ ಕರೆಯುತ್ತೇನೆ. ಹುಲ್ಲು ಗುರುತಿಸುವವರು ಮೊದಲು ನೋಡುವ ಜಾಗ ಇದು. ಕಾಡುಕಬ್ಬಿನಲ್ಲಿ ಇದು ಬರಿಗಣ್ಣಿಗೇ ಕಾಣುವ ಹಾಳೆ, ಪಕ್ಕದಲ್ಲಿ ಕೂದಲೂ ಇತ್ತು. ನಮ್ಮ ಮೂಲೆಯ ಹುಲ್ಲಿನಲ್ಲಿ ಮೊದಲು ಏನೂ ಕಾಣಲಿಲ್ಲ. ಲೆನ್ಸ್ ಹಾಕಿದ ಮೇಲೆ ಒಂದು ಗೆರೆ, ಅದರ ಮೇಲೆ ಕಣ್ರೆಪ್ಪೆಗಿಂತ ಗಿಡ್ಡ ರೋಮ. ಅಷ್ಟೇ. ಗರಿಯೂ ಬೇರೆ ಥರ. ಕಾಡುಕಬ್ಬಿನ ಗರಿಗೆ ದಪ್ಪ ಬಿಳಿ ನಡುನರ, ಬುಡದ ಹತ್ತಿರ ಬರೀ ನರವೇ ಉಳಿದ ಹಾಗೆ ಕಿರಿದು. ಇದರದ್ದು ಗಡುಸು, ಬುಡದಲ್ಲಿ ಮಡಿಸಿದ ಹಾಗೆ. ಅಂಚು ಮಾತ್ರ ಒರಟು. ತುದಿಯಿಂದ ಬುಡಕ್ಕೆ ಬೆರಳು ಎಳೆದರೆ ಗೀರು ಗ್ಯಾರಂಟಿ. ನನ್ನ ತೋರುಬೆರಳೇ ಸಾಕ್ಷಿ.

ತೆನೆ ಇನ್ನೂ ಇತ್ತು, ಒಣಗುತ್ತಾ ಇತ್ತು. ಗೇಣುದ್ದ, ನೇರಳೆ ಕಂದು, ಒಂದೊಂದು ಗೆಣ್ಣಿಗೂ ಸುತ್ತ ಕಡ್ಡಿಗಳು. ಕೊಡೆಯ ಕಡ್ಡಿ ಬಿಚ್ಚಿದ ಹಾಗೆ. ರೇಷ್ಮೆ ಇಲ್ಲ, ಬಿಳುಪು ಇಲ್ಲ. ಕಾಳುಗಳು ಜೋಡಿ ಜೋಡಿ, ಒಂದು ಕಡ್ಡಿಗೆ ಅಂಟಿಕೊಂಡಿದ್ದರೆ ಇನ್ನೊಂದಕ್ಕೆ ಪುಟ್ಟ ತೊಟ್ಟು. ಅಂಟಿಕೊಂಡ ಕಾಳನ್ನು ಲೆನ್ಸಿನಲ್ಲಿ ನೋಡಿದಾಗ ಬೆನ್ನ ಮೇಲೆ ಸಾಲಾಗಿ ಸಣ್ಣ ಮುಳ್ಳು. ಮುಳ್ಳುಸೌತೆ ಸಿಪ್ಪೆ ನೆನಪಾಯಿತು. ಬುಡದ ಜೊತೆ ಈ ಮುಳ್ಳೂ ಸಿಕ್ಕಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಇದು ಲಾವಂಚವೇ, ಪುಸ್ತಕದ ಹೆಸರು ಕ್ರೈಸೊಪೋಗಾನ್ ಜಿಜಾನಿಯಾಯ್ಡಿಸ್. ಹಳೇ ಪುಸ್ತಕಗಳಲ್ಲಿ ವೆಟಿವೇರಿಯಾ ಜಿಜಾನಿಯಾಯ್ಡಿಸ್ ಅಂತಿರುತ್ತೆ, ಗಾಬರಿ ಬೇಡ, ಎರಡೂ ಒಂದೇ. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ರೂಢಿಗೆ ತಂದ ಲಿನ್ನಿಯಸ್ 1771ರಲ್ಲಿ ಹೆಸರಿಟ್ಟಾಗ ಇದನ್ನು ಫಲಾರಿಸ್ ಅನ್ನೋ ಬೇರೆಯೇ ಕುಲಕ್ಕೆ ಸೇರಿಸಿದ್ದ. ಈಗಿನ ಹೆಸರು 1960ರಿಂದ ಈಚೆಯದು. ವೆಟಿವೇರ್ ಅನ್ನೋದು ತಮಿಳಿನವರ ವೆಟ್ಟಿವೇರ್, ಕಡಿದು ತೆಗೆದ ಬೇರು ಅಂತ.

ವಾಸನೆಯಿಂದಲೇ ಗೊತ್ತಾಗಲ್ವಾ ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಹಸಿ ಬೇರು ಕಿತ್ತು ಮೂಸಿದರೆ ಬಂದಿದ್ದು ಕೆಸರಿನ ವಾಸನೆ. ಬ್ರಶ್ಶಿನಲ್ಲಿ ಉಜ್ಜಿ ತೊಳೆದು, ಎರಡು ದಿನ ನೆರಳಲ್ಲಿ ಒಣಗಿಸಿ, ಮತ್ತೆ ನೀರು ಚಿಮುಕಿಸಿದಾಗ ಬಂತು ನೋಡಿ, ಬೇಸಿಗೆ ಮಡಕೆಯ ಅದೇ ಘಮ. ಎಣ್ಣೆ ಇರುವುದು ಬೇರಿನಲ್ಲಿ. ಗರಿ ಹಿಸುಕಿ ಮೂಸಿದರೆ ಬರೀ ಹುಲ್ಲು. ಗರಿ ಹಿಸುಕಿದಾಗಲೇ ನಿಂಬೆ ಪರಿಮಳ ಬಂದರೆ ಅದು ಮಜ್ಜಿಗೆ ಹುಲ್ಲು, ಚಹಾಕ್ಕೆ ಹಾಕಿಕೊಳ್ಳಿ.

ಬೇರು ಎಷ್ಟು ಆಳ ಹೋಗಿದೆ ನೋಡೋಣ ಅಂತ ಪೊದೆಯಿಂದ ಒಂದಡಿ ಬಿಟ್ಟು ಒಂದು ಚರಂಡಿ ತೋಡಿದೆ. ಪಕ್ಕದ ಮಣ್ಣನ್ನು ಮೆಲ್ಲಗೆ ನೀರು ಹಾಕಿ ಕರಗಿಸಿದೆ. ತೆಳು ತಂತಿ ಥರದ ಹೊಂಬಣ್ಣದ ಬೇರುಗಳು, ಮಳೆ ಎಳೆ ಇಳಿದ ಹಾಗೆ, ನೆಟ್ಟಗೆ ಕೆಳಕ್ಕೆ. ಅಡ್ಡ ಓಡುವ ಕಾಂಡ ಒಂದೂ ಇಲ್ಲ. ಐದೂವರೆ ಅಡಿಗೆ ನೀರು ಬಂತು, ನಿಲ್ಲಿಸಿದೆ. ಬೇರು ನಿಂತಿರಲಿಲ್ಲ. ಒಳ್ಳೆ ಮಣ್ಣಲ್ಲಿ ಮೂರು ಮೀಟರಿಗಿಂತ ಆಳ ಹೋಗುವುದು ಇದಕ್ಕೆ ಮಾಮೂಲು. ಒಂದು ಎಳೆ ಕಿತ್ತು ಎರಡೂ ಕೈಗೆ ಸುತ್ತಿ ಎಳೆದೆ. ಬೆರಳು ಕೆಂಪಾಯಿತು, ಎಳೆ ತುಂಡಾಗಲಿಲ್ಲ.

1980ರ ದಶಕದಲ್ಲಿ ವಿಶ್ವಬ್ಯಾಂಕಿನಿಂದ ಬಂದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಮಣ್ಣು ಕೊಚ್ಚಿ ಹೋಗುವುದನ್ನು ತಡೆಯೋಕೆ ಈ ಹುಲ್ಲನ್ನು ಊರೂರಿಗೆ ಹೇಳುತ್ತಾ ಹೋದರು. ಗ್ರೀನ್‌ಫೀಲ್ಡ್ 1950ರ ದಶಕದಲ್ಲೇ ಫಿಜಿಯ ಕಬ್ಬಿನ ಹೊಲಗಳಲ್ಲಿ ಇದನ್ನು ಬಳಸಿದ್ದವರು. ಆದರೆ ನಮ್ಮದೇ ಗುಂಡ್ಲುಪೇಟೆ ಕಡೆಯ ರೈತರು ತಲೆತಲಾಂತರದಿಂದ ಹೊಲದ ಬದುವಿಗೆ ಲಾವಂಚದ ಸಾಲು ಹಾಕುತ್ತಿದ್ದರು. ನಮ್ಮ ತಲಪರಿಗೆ ದಡದ ಮೇಲೆ ಯಾರು ನೆಟ್ಟರೋ, ತಾನೇ ಬಂತೋ, ದೊಡ್ಡಮ್ಮನಿಗೂ ನೆನಪಿಲ್ಲ.

ಕೆಲಸಕ್ಕೆ ಬರೋಣ. ಉಳಿದಿದ್ದ ಒಂದೇ ಪೊದೆಯನ್ನು ಪೂರ್ತಿ ಕೀಳುವ ಧೈರ್ಯ ಇರಲಿಲ್ಲ. ಹೊಲದ ಕಡೆಯ ಅರ್ಧ ಮಾತ್ರ ತೆಗೆದೆ. ಬಿಡಿಸಿದಾಗ ನಲವತ್ತಾರು ಸಸಿ ಆಯಿತು, ಒಂದೊಂದರಲ್ಲಿ ಎರಡು ಮೂರು ತೆಂಡೆ. ಗರಿಯನ್ನು ಗೇಣುದ್ದಕ್ಕೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸಿ, ಬೋರ್ ಪಕ್ಕದ ಪಾತಿಯಲ್ಲಿ ಅಡಿಗೊಂದರಂತೆ ನೆಟ್ಟೆ. ಚಳಿಗಾಲದಲ್ಲಿ ಸುಮ್ನೆ ಕೂತಿದ್ದವು, ಸತ್ತವೇನೋ ಅಂದುಕೊಂಡೆ. ಮಾರ್ಚ್‌ನ ಬಿಸಿಲಿಗೆ ತೆಂಡೆ ಹೊಡೆಯೋಕೆ ಶುರುವಾಯಿತು. ಜೂನ್ ಹೊತ್ತಿಗೆ ಕಿತ್ತು ಬಿಡಿಸಿದರೆ ಮುನ್ನೂರರ ಮೇಲಿತ್ತು. ಪ್ರತಿ ಬುಡವನ್ನೂ ನೆಡುವ ಮೊದಲು ಹೆಬ್ಬೆರಳಿನಲ್ಲಿ ಅಮುಕಿ ನೋಡಿದೆ, ಚಪ್ಪಟೆ ಇದೆಯಾ ಅಂತ. ಅಭ್ಯಾಸ ಆಗಿಹೋಗಿತ್ತು.

ದಡಕ್ಕೆ ಮೂರು ಸಾಲು. ಕೆಳಗಿನದು ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ನಡುವಿನದು ಎರಡು ಅಡಿ ಮೇಲೆ, ಕೊನೆಯದು ದಡದ ತಲೆಗೆ. ಸಾಲು ಮಟ್ಟಸವಾಗಿರಬೇಕು. ವಾಲಿದರೆ ಮಳೆ ನೀರು ತಗ್ಗಿನ ಕಡೆ ಸೇರಿ ಅಲ್ಲೇ ಕೊರೆಯುತ್ತೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿ, ಗೂಟ ಹೊಡೆದು, ಹುರಿ ಕಟ್ಟಿದೆ. ನಾಲ್ಕು ಇಂಚಿಗೊಂದು ಸಸಿ. ಜಾಸ್ತಿ ಹತ್ತಿರ ಅನಿಸುತ್ತೆ, ಅಲ್ವಾ? ಅಡಿಗೊಂದು ನೆಟ್ಟರೆ ಪೊದೆ ಬೆಳೆಯುತ್ತೆ, ಆದರೆ ಬೇಲಿ ಆಗಲ್ಲ. ಸಂದಿಯಲ್ಲಿ ನೀರು ನುಗ್ಗುತ್ತೆ. ಮೊದಲ ಎರಡು ತಿಂಗಳ ಮಳೆಗೆ ಮಣ್ಣು ಜಾರದಿರಲಿ ಅಂತ ಸಾಲುಗಳ ನಡುವೆ ತೆಂಗಿನ ಗರಿ ಹಾಸಿ, ತೆಂಗಿನ ಹಗ್ಗ ಎಳೆದು, ಹೊಂಗೆ ಗೂಟ ಹೊಡೆದೆ. ಎರಡು ಗೂಟ ಚಿಗುರಿದವು, ಅವನ್ನು ಕೀಳಬೇಕಾಯಿತು. ಎಳೆಯ ಗರಿ ಆಡಿಗೆ ಬಹಳ ಇಷ್ಟ ಅಂತ ನಾಲ್ಕನೇ ದಿನವೇ ಗೊತ್ತಾಯಿತು. ಮುಳ್ಳಿನ ಬೇಲಿ ಹಾಕಿದೆ. ಬಲಿತ ಮೇಲೆ ಅವು ತಿರುಗಿಯೂ ನೋಡಲ್ಲ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಳ್ಳ ತುಂಬಿ ಬಂತು. ಕೆಳಗಿನ ಸಾಲು ಮೂರು ದಿನ ನೀರಿನಡಿ ಇತ್ತು. ನೀರು ಇಳಿದ ಮೇಲೆ ಗರಿಗಳೆಲ್ಲ ಒಂದೇ ಕಡೆ ಮಲಗಿದ್ದವು, ಎಣ್ಣೆ ಹಚ್ಚಿ ಬಾಚಿದ ತಲೆ ಹಾಗೆ. ಒಂದೂ ಕಿತ್ತು ಹೋಗಿರಲಿಲ್ಲ. ಸಾಲಿನ ಮೇಲ್ಬದಿಯಲ್ಲಿ ಎರಡು ಬೆರಳು ದಪ್ಪ ಹೊಸ ಹೂಳು ನಿಂತಿತ್ತು. ಅಂದರೆ ಗುಂಡಿಗೆ ಬೀಳಬೇಕಾಗಿದ್ದ ಮಣ್ಣು ಅಲ್ಲೇ ಉಳಿದಿತ್ತು. ಕಾಲುವೆ ಬಾಯಿ ಹತ್ತಿರ ಮಾತ್ರ ಮೊಳದಷ್ಟು ದಡ ಜಾರಿತ್ತು. ಅಲ್ಲಿ ನಾನು ಸೋಮಾರಿತನಕ್ಕೆ ನಡುವಿನ ಸಾಲು ಬಿಟ್ಟಿದ್ದೆ.

ಇದು ಎರಡನೇ ಮಳೆಗಾಲ. ಮೇಲಿನ ಸಾಲು ಸೊಂಟದೆತ್ತರ, ಸಂದಿ ಮುಚ್ಚಿದೆ. ಸುತ್ತಮುತ್ತ ತಾನಾಗಿ ಹುಟ್ಟಿದ ಲಾವಂಚ ಒಂದೂ ಕಂಡಿಲ್ಲ. ದಕ್ಷಿಣದ ಕಡೆಯ ತಳಿ ಬೀಜದಿಂದ ಹರಡುವುದು ಕಡಿಮೆ, ನನ್ನ ಕಾಲುವೆಗೆ ಅದೇ ಬೇಕಾಗಿದ್ದು. ಕಾಡುಕಬ್ಬು ಇನ್ನೂ ತಿಂಗಳಿಗೆರಡು ಕಡೆ ಮೂತಿ ತೋರಿಸುತ್ತೆ, ಕೈಯಲ್ಲೇ ಎಳೆದು ಹಾಕುತ್ತೇನೆ. ಹೊಂಗೆ ಮರದ ಕೆಳಗೆ ನೆಟ್ಟ ಹದಿನೆಂಟರಲ್ಲಿ ಹನ್ನೊಂದು ಸತ್ತವು. ಲಾವಂಚಕ್ಕೆ ನೆರಳು ಆಗಲ್ಲ. ಆ ಹಳೇ ಪೊದೆ ಹೇಗೆ ಬದುಕಿತ್ತು ಅಂತ ನೋಡಿದರೆ, ಅದು ಮರಕ್ಕಿಂತ ಮುಂದೆ, ಬೆಳಗಿನ ಬಿಸಿಲು ಬೀಳುವ ಕಡೆ ಇದೆ. ನೆರಳಿನ ಭಾಗಕ್ಕೆ ಕಲ್ಲೇ ಗತಿ. ಒಂದು ಟ್ರ್ಯಾಕ್ಟರ್ ಲೋಡ್ ಹೇಳಿದ್ದೇನೆ.

ಮೊನ್ನೆ ಒಬ್ಬರು ಬಂದು ಬೇರು ಕಿತ್ತು ಕೊಡ್ತೀರಾ, ಒಳ್ಳೆ ರೇಟು ಇದೆ ಅಂದರು. ದಡದ್ದು ಮುಟ್ಟಬೇಡಿ ಅಂದೆ. ಬೋರ್ ಪಕ್ಕದ ಪಾತಿಯಲ್ಲಿ ಉಳಿದ ಇಪ್ಪತ್ತು ಬುಡ ಇವೆ. ಇನ್ನೊಂದು ಬೇಸಿಗೆ ಕಳೆಯಲಿ, ದೊಡ್ಡಮ್ಮನ ಮಡಕೆಗೆ ಮೊದಲ ಕಟ್ಟು ಅಲ್ಲಿಂದಲೇ.